2016ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿ ನೆಟ್ ಬಾಡಿಗೆ ಕಳೆಯಲು ಒಪ್ಪದ ಬಗ್ಗೆ ದೂರು

ಇವರಿಗೆ,
ಅಪೀಲು ಅಧಿಕಾರಿಗಳು,
ಗ್ರಾಹಕರ ದೂರು ವಿಭಾಗ

ಇವರಿಂದ,
ಶಿರಸಿ ತಾಲೂಕಿನ ನಿಮ್ಮ ಫೈಬರ್ ಗ್ರಾಹಕ
(ಗ್ರಾಹಕ ಸಂಖ್ಯೆ, ದೂರಿನ ಡಾಕೆಟ್ ನಂಬರ್, ಬಿಲ್ ಮತ್ತು ಫೋಟೋ ಲಗತ್ತಿಸಿದೆ)

ಮಾನ್ಯರೇ,

ಮಳೆಗಾಲ ಶುರುವಾದಾಗಿನಿಂದ ನಮ್ಮ ಮನೆಯಲ್ಲಿ ನೆಟ್ ಇದ್ದ ದಿನಕ್ಕಿಂತ ಇಲ್ಲದ ದಿನವೇ ಜಾಸ್ತಿ. ಬಿಲ್ ಮಾತ್ರ ಪೂರ್ತಿ ಬಂದಿದೆ. ನೆಟ್ ಇಲ್ಲದ ದಿನಗಳ ಬಾಡಿಗೆ ಕಳೆಯಿರಿ ಎಂದು ಕೇಳಿದ್ದೆ. ಅದಕ್ಕೆ ನಿಮ್ಮ ಕಸ್ಟಮರ್ ಕೇರ್‌ನಿಂದ ಬಂದ ಉತ್ತರ ಇದು: ಪರಿಹಾರ ಕೊಡಿ ಎಂದು ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಕೂಡ ಹೇಳುವಂತಿಲ್ಲ, 2016ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ರದ್ದು ಮಾಡಿದೆ.

ಇದನ್ನು ನಾನು ಒಪ್ಪುವುದಿಲ್ಲ. ಆ ತೀರ್ಪು ಬಂದದ್ದು ಬೇರೆಯದೇ ವಿಷಯಕ್ಕೆ. ಮೊಬೈಲ್ ಕರೆ ಮಧ್ಯದಲ್ಲಿ ಕಟ್ ಆದರೆ ಕಂಪನಿ ಗ್ರಾಹಕನಿಗೆ ಒಂದು ರೂಪಾಯಿ ಕೊಡಬೇಕು, ದಿನಕ್ಕೆ ಹೆಚ್ಚೆಂದರೆ ಮೂರು ರೂಪಾಯಿ ಎಂದು ಟ್ರಾಯ್ 2015ರ ಅಕ್ಟೋಬರ್‌ನಲ್ಲಿ ನಿಯಮ ಮಾಡಿತ್ತು. 2016ರ ಮೇ 11ರಂದು ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಯಾಕೆ? ಕರೆ ಯಾರ ತಪ್ಪಿನಿಂದ ಕಟ್ ಆಯಿತು ಎಂದು ನೋಡದೆ ಎಲ್ಲವನ್ನೂ ಕಂಪನಿಯ ತಲೆಗೇ ಕಟ್ಟಿತ್ತು ಆ ನಿಯಮ. ಶೇ 36.9ರಷ್ಟು ಕರೆಗಳು ಗ್ರಾಹಕರ ಕಡೆಯ ಕಾರಣದಿಂದಲೇ ಕಟ್ ಆಗುತ್ತವೆ ಎಂದು ಟ್ರಾಯ್‌ನದೇ ತಾಂತ್ರಿಕ ಟಿಪ್ಪಣಿ ಹೇಳಿತ್ತು. ಕರೆ ಕಟ್ ಆಗುವುದಕ್ಕೆ ಟ್ರಾಯ್ ತಾನೇ ಇಟ್ಟ ಶೇ 2ರ ಮಿತಿಯೊಳಗೇ ಇದ್ದ ಕಂಪನಿಯೂ ದುಡ್ಡು ಕೊಡಬೇಕಾಗುತ್ತಿತ್ತು. 1997ರ ಟ್ರಾಯ್ ಕಾಯ್ದೆ ಕೊಟ್ಟ ಅಧಿಕಾರದ ಆಚೆ ಹೋಗಿ, ಸರಿಯಾದ ಕಾರಣವಿಲ್ಲದೆ ಹೀಗೆ ನಿಯಮ ಹೇರುವಂತಿಲ್ಲ ಎಂದಿತು ಕೋರ್ಟ್. ಅದು ಸರಿಯಾದ ಮಾತೇ. ಸರ್ಕಾರಕ್ಕೂ ಅದರ ಸಂಸ್ಥೆಗಳಿಗೂ ಒಂದು ಮಿತಿ ಬೇಕು. ಇಲ್ಲದಿದ್ದರೆ ನಾಳೆ ನಮ್ಮ ಮೇಲೂ ಬೇಕಾದ ನಿಯಮ ಬರಬಹುದು ಅಲ್ವಾ?

ಆದರೆ ಟ್ರಾಯ್ ಅಧಿಕಾರಕ್ಕೆ ಮಿತಿ ಹಾಕಿದ ಮಾತ್ರಕ್ಕೆ, ಕೊಡದ ಸೇವೆಗೆ ದುಡ್ಡು ವಸೂಲಿ ಮಾಡುವ ಹಕ್ಕು ನಿಮಗೆ ಬಂದುಬಿಡುವುದಿಲ್ಲ.

ಇಲ್ಲಿ ತಪ್ಪು ಯಾರದು ಎಂದು ಹುಡುಕಬೇಕಾಗಿಯೂ ಇಲ್ಲ. ಜೂನ್‌ನ ಗಾಳಿಮಳೆಗೆ ನಮ್ಮ ತೋಟದ ದಾರಿಯಲ್ಲಿ ಮರ ಬಿದ್ದು ಕೇಬಲ್ ಕಡಿಯಿತು. ಅದು ನಿಮ್ಮ ತಪ್ಪಲ್ಲ, ಮಲೆನಾಡಿನಲ್ಲಿ ಮರ ಬೀಳುವುದೇ. ನಿಮ್ಮ ಹುಡುಗ ಬಂದ, ಕಡಿದ ಕೇಬಲ್ ಜೋಡಿಸಿ ಸ್ಪ್ಲೈಸಿಂಗ್ ಮಾಡಿದ. ಜಾಯಿಂಟ್ ಬಾಕ್ಸ್ ಸ್ಟಾಕ್ ಇಲ್ಲ ಎಂದು ಜಾಯಿಂಟ್‌ಗೆ ಪ್ಲಾಸ್ಟಿಕ್ ಕೊಟ್ಟೆ (ಚೀಲ) ಸುತ್ತಿ, ಟೇಪ್ ಹಚ್ಚಿ, ಬೇಲಿಯ ಗೂಟಕ್ಕೆ ಕಟ್ಟಿ ಹೋದ. ಅದು ಈಗಲೂ ಅಲ್ಲೇ ಇದೆ. ಕೊಟ್ಟೆಯೊಳಗೆ ನೀರು ನಿಂತದ್ದು ಫೋಟೋದಲ್ಲಿ ಕಾಣುತ್ತದೆ. ಜೋರು ಮಳೆ ಬಂದರೆ ಸಾಕು, ಸಿಗ್ನಲ್ ಇಲ್ಲ ಎಂದು ತೋರಿಸುವ ಮೋಡೆಮ್‌ನ ಎಲ್‌ಓಎಸ್ ಲೈಟ್ ಕೆಂಪಗೆ ಮಿಟುಕಲು ಶುರು. ಆ ಕೆಂಪು ಲೈಟ್ ಉರಿಯುತ್ತಿರುವಾಗಲೇ ‘ನಿಮ್ಮ ದೂರು ಪರಿಹರಿಸಲಾಗಿದೆ’ ಎಂದು ಮೆಸೇಜ್ ಬರುತ್ತದೆ, ಟಿಕೆಟ್ ಕ್ಲೋಸ್ ಆಗುತ್ತದೆ. ಯಾರೂ ಬಂದು ನೋಡಿಲ್ಲ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ ಸಂಗತಿ. ಮಗಳು ಮನೆಯಿಂದಲೇ ಕೆಲಸ ಮಾಡುವವಳು. ಮೊಬೈಲ್ ಸಿಗ್ನಲ್ ಬೇಕೆಂದರೆ ಮಳೆಯಲ್ಲಿ ಗುಡ್ಡ ಹತ್ತಬೇಕು.

ನಿಮ್ಮ ಇ-ಮೇಲ್‌ನಲ್ಲಿ ಇನ್ನೊಂದು ಮಾತಿದೆ. ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ಮಧ್ಯಸ್ಥಿಕೆಗೆ ಹೋಗಬೇಕು, ಗ್ರಾಹಕ ಆಯೋಗಕ್ಕಲ್ಲ ಎಂದು. ಅಹಮದಾಬಾದ್‌ನ ಒಬ್ಬ ಗ್ರಾಹಕರ ಬಿಲ್ ತಕರಾರಿನಲ್ಲಿ ಒಂದು ಮೊಬೈಲ್ ಕಂಪನಿ ಇದೇ ವಾದ ಮಾಡಿತ್ತು. 2022ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಂತೂ ‘ಸೇವೆ’ಯ ಪಟ್ಟಿಯಲ್ಲಿ ಟೆಲಿಕಾಂ ಹೆಸರೇ ಇದೆ. ಒಬ್ಬೊಬ್ಬ ಗ್ರಾಹಕನ ದೂರು ಟ್ರಾಯ್ ನೋಡುವುದಿಲ್ಲ, ಅದು ನನಗೂ ಗೊತ್ತು. ಅದಕ್ಕೇ ಗ್ರಾಹಕ ಆಯೋಗ ಇರುವುದು.

ಇಡೀ ಜಿಲ್ಲೆಯಲ್ಲಿ 24 ಗಂಟೆಗಿಂತ ಜಾಸ್ತಿ ನೆಟ್‌ವರ್ಕ್ ಹೋದರೆ ಬಾಡಿಗೆ ಕಳೆಯಬೇಕೆಂಬ ಟ್ರಾಯ್‌ನ 2024ರ ನಿಯಮವನ್ನು ನಾನು ಇಲ್ಲಿ ಎತ್ತುತ್ತಿಲ್ಲ. ಹೋಗಿದ್ದು ನಮ್ಮ ಲೈನ್ ಮಾತ್ರ. ನಾನು ಕೇಳುತ್ತಿರುವುದು ನೀವು ಮಾತು ಕೊಟ್ಟು ದುಡ್ಡು ತೆಗೆದುಕೊಂಡ ಸೇವೆಯ ಲೆಕ್ಕ.

ಬಾಕ್ಸ್ ಹಾಕಿ ಜಾಯಿಂಟ್ ಸರಿಮಾಡಿಸಿ. ಸುಮ್ನೆ ಕ್ಲೋಸ್ ಮಾಡಿದ ಟಿಕೆಟ್‌ಗಳನ್ನು ಮತ್ತೆ ತೆರೆಯಿರಿ. ಲೈನ್ ಸತ್ತಿದ್ದ ದಿನಗಳ ಲಾಗ್ ನಿಮ್ಮ ಸಿಸ್ಟಮ್‌ನಲ್ಲೇ ಸಿಗುತ್ತದೆ, ಅಷ್ಟೂ ದಿನದ ಬಾಡಿಗೆ ಮುಂದಿನ ಬಿಲ್‌ನಲ್ಲಿ ಕಳೆಯಿರಿ. 2012ರ ದೂರು ಪರಿಹಾರ ನಿಯಮದಂತೆ ಈ ಅಪೀಲನ್ನು ನೀವು 39 ದಿನದೊಳಗೆ ಇತ್ಯರ್ಥ ಮಾಡಬೇಕು. ಮಾಡದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಅಲ್ಲಿ ಶುಲ್ಕ ಇಲ್ಲ.

ಇಂತಿ ನಿಮ್ಮ ಗ್ರಾಹಕ,
ಶಿರಸಿ