ಕೈತಪ್ಪುವ ಚೆಂಡಿನ ಬಗ್ಗೆ

ಚಿ. ಅಭಿಗೆ, ಮಾವನ ಆಶೀರ್ವಾದಗಳು.

ಮನೆ ಸಮಾಚಾರವೆಲ್ಲ ನಿಮ್ಮಮ್ಮ ಹೇಳಿರುತ್ತಾಳೆ. ಅಮೆರಿಕನ್ ಫುಟ್‌ಬಾಲ್ ತಂಡದ ಆಯ್ಕೆ ಪರೀಕ್ಷೆಗೆ ಹೊರಟಿರುವ ನಿನ್ನ ಪತ್ರದ ಒಂದು ಸಾಲು ಎರಡು ದಿನದಿಂದ ನನ್ನನ್ನು ಕೊರೆಯುತ್ತಿದೆ: ‘ಟ್ರೈಔಟ್‌ನಲ್ಲಿ ಒಂದು ಚೆಂಡು ಕೈತಪ್ಪಿದರೂ ನನ್ನ ಕತೆ ಮುಗೀತು ಮಾವ.’

ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಏಳೂ ಸುತ್ತಿನಲ್ಲಿ ಹೆಸರು ಬಾರದಿದ್ದಾಗಲೂ ನೀನು ಇಷ್ಟು ಕುಗ್ಗಿರಲಿಲ್ಲ. 1985ರಲ್ಲಿ ಜೆರ್ರಿ ರೈಸ್, ನಿನ್ನ ಹಾಗೆಯೇ ಚೆಂಡು ಹಿಡಿಯುವ ರಿಸೀವರ್, ಸ್ಯಾನ್ ಫ್ರಾನ್ಸಿಸ್ಕೋ ತಂಡಕ್ಕೆ ಬಂದ ಹೊಸತರಲ್ಲಿ ಮತ್ತೆ ಮತ್ತೆ ಚೆಂಡು ಬಿಟ್ಟು ತವರಿನ ಪ್ರೇಕ್ಷಕರಿಂದಲೇ ಕೂಗಿಸಿಕೊಂಡಿದ್ದ. ಅದೇ ಡಿಸೆಂಬರ್‌ನಲ್ಲಿ ರ್‍ಯಾಮ್ಸ್ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ ಕ್ಯಾಚ್‌ಗಳಿಂದ 241 ಗಜ ಗಳಿಸಿದ. ಆಟ ಬಿಡುವಾಗ 1,549 ಕ್ಯಾಚ್. ಅವನು ಮೊದಲ ಸುತ್ತಿನವನು, ಕಾಯುವವರಿದ್ದರು ಅನ್ನುತ್ತೀಯ. ಸರಿ, ಆಡಮ್ ತೀಲನ್‌ನನ್ನು ನೋಡು. 2013ರಲ್ಲಿ ನಿನ್ನ ಹಾಗೆಯೇ ಡ್ರಾಫ್ಟ್ ಆಗದೆ ಮಿನ್ನೆಸೋಟದ ಟ್ರೈಔಟ್‌ಗೆ ಬಂದವನು. ಆ ವರ್ಷವೆಲ್ಲ ಪ್ರಾಕ್ಟೀಸ್ ಸ್ಕ್ವಾಡ್, ಅಂದರೆ ಅಭ್ಯಾಸಕ್ಕೆ ಮಾತ್ರ ಇಟ್ಟುಕೊಂಡ ಗುಂಪು. 2017ರಲ್ಲಿ 1,276 ಗಜ.

ಚೆಂಡು ತಪ್ಪುವುದರಲ್ಲಿ ಕೈಗಿಂತ ಕಣ್ಣಿನ ಪಾಲು ಹೆಚ್ಚು. ಮೂರು ಹೆಜ್ಜೆ ನೇರ ಹೋಗಿ ಒಳಕ್ಕೆ ಕತ್ತರಿಸುವ ಸ್ಲ್ಯಾಂಟ್ ಎಂಬ ರೂಟ್‌ನಲ್ಲಿ (ಓಟದ ದಾರಿಯಲ್ಲಿ) ಚೆಂಡು ಬೇಗ ಬಂದುಬಿಡುತ್ತದೆ. ಎದುರಿನವನು ಎಲ್ಲಿದ್ದಾನೆಂದು ನೋಡಲು ತಲೆ ಒಂದಿಷ್ಟು ತಿರುಗಿದರೂ ಬೆರಳು ಮುಚ್ಚುವ ಹೊತ್ತು ತಪ್ಪುತ್ತದೆ. ಚೆಂಡಿನ ತುದಿ ಕಂಕುಳಿಗೆ ಸೇರುವವರೆಗೂ ಕಣ್ಣು ಅದರ ಜೊತೆಗೇ ಹೋಗಲಿ. ಎದೆಗಿಂತ ಮೇಲೆ ಬಂದರೆ ಹೆಬ್ಬೆರಳು ಕೂಡಿಸಿ, ಸೊಂಟಕ್ಕಿಂತ ಕೆಳಗಾದರೆ ಕಿರುಬೆರಳು ಕೂಡಿಸಿ ಹಿಡಿಯುವುದು ನಿನಗೆ ಗೊತ್ತು. ಹೊಟ್ಟೆಯ ಮಟ್ಟಕ್ಕೆ ಬಂದದ್ದೇ ಕೆಟ್ಟದ್ದು: ಕೈ ಹೇಗಿಡಲಿ ಅನ್ನುವಷ್ಟರಲ್ಲಿ ಪ್ಯಾಡ್‌ಗೆ ಬಡಿದು ಪುಟಿಯುತ್ತದೆ. ಮೊಣಕಾಲು ಬಗ್ಗಿಸಿ ಮೈ ಇಳಿಸಿದರೆ ಅದೇ ಎದೆಯೆತ್ತರದ ಚೆಂಡಾಗುತ್ತದೆ.

ಟ್ರೈಔಟ್ ನಡೆಯುವ ಆ ಕ್ಯಾಂಪ್‌ನಲ್ಲಿ ಯಾರೂ ನಿನ್ನನ್ನು ಕೆಡವುವ ಹಾಗಿಲ್ಲ, ಹೊಡೆತದ ನಿರೀಕ್ಷೆಯಲ್ಲಿ ತಲೆ ತಿರುಗಿಸುವ ಕಾರಣವೇ ಇಲ್ಲ. ಆದರೂ ಹೆದರಿಕೆ ಹೋಗದು, ಬಲ್ಲೆ. ಹಿತ್ತಲಲ್ಲಿ ನೀನು ಬಿಟ್ಟ ಚೆಂಡುಗಳನ್ನು ಎಣಿಸಿ ಗದರುತ್ತಿದ್ದವನು ನಾನೇ. ಹಿಡಿದದ್ದನ್ನು ಎಣಿಸಲೇ ಇಲ್ಲ. ಅದು ಈಗ ನನ್ನನ್ನು ಚುಚ್ಚುತ್ತದೆ.

ಹೇಳಬೇಕೋ ಬೇಡವೋ, ಇನ್ನೊಂದು ಮಾತು. 53 ಜನರ ತಂಡದಲ್ಲಿ ರಿಸೀವರ್‌ಗಳು ಸಾಮಾನ್ಯವಾಗಿ ಐದೋ ಆರೋ. ಕೊನೆಯ ಜಾಗಕ್ಕೆ ಬರುವವನು ಪಂಟ್ ಹೊಡೆದಾಗ, ಅಂದರೆ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಟ್ಟಾಗ, ಅಂಚಿನಿಂದ ಓಡಿ ಅದನ್ನು ಹಿಡಿದವನನ್ನು ತಡೆಯುವ ಗನ್ನರ್ ಕೆಲಸವನ್ನೂ ಮಾಡಬಲ್ಲವನಾಗಿರಬೇಕು. ಕೋಚ್ ಕರೆಯುವ ಮುಂಚೆ ನೀನೇ ಆ ಸಾಲಿನಲ್ಲಿ ನಿಲ್ಲು. ತೀಲನ್ 2014ರಲ್ಲಿ ತಂಡದೊಳಗೆ ಬೇರುಬಿಟ್ಟದ್ದು ಇಂಥ ಸ್ಪೆಷಲ್ ಟೀಮ್ಸ್ ಕೆಲಸದಿಂದಲೇ. ಮತ್ತೆ, ಅಂಚಿನಲ್ಲಿ ಚೆಂಡು ಹಿಡಿದಾಗ ಕಾಲೇಜಿನಲ್ಲಿ ಒಂದು ಪಾದ ಸಾಕಿತ್ತು, ಇಲ್ಲಿ ಎರಡೂ ಗೆರೆಯೊಳಗೆ ಊರಬೇಕು. ದಿನಾ ಎರಡೂ ಕಡೆ ಹತ್ತತ್ತು ಸಲ ಮಾಡು. ಚೆಂಡೆಸೆಯುವ ಮೆಷಿನ್ ಮುಂದೆ ನಿಂತಾಗ ಬೆನ್ನು ಹಾಕಿ ನಿಲ್ಲು, ಗೆಳೆಯ ಕೂಗಿದ ಮೇಲೆ ತಿರುಗಿ ಹಿಡಿ. ನೂರು ಸಾಕು. ಸುಸ್ತಾದ ಕೈಗೆ ಬಿಡುವುದೇ ಅಭ್ಯಾಸವಾಗುತ್ತದೆ.

ಬಿಟ್ಟರೆ? ಬಿಡುತ್ತೀಯ, ಒಂದಾದರೂ ಬಿಡುತ್ತೀಯ. ಓಡಿಬಂದು ಮುಂದಿನ ರೂಟ್‌ಗೆ ಸಾಲಿನಲ್ಲಿ ನಿಂತುಬಿಡು. ಕೈ ನೋಡಿಕೊಳ್ಳಬೇಡ, ಗ್ಲೌಸ್ ಎಳೆಯಬೇಡ.

ಬಲಗೈ ಕಿರುಬೆರಳು ಊದಿದೆ ಎಂದು ಕೊನೆಯಲ್ಲಿ ಬರೆದಿದ್ದೀಯ. ಅದರ ತುದಿ ತಾನಾಗಿ ನೇರ ನಿಲ್ಲುತ್ತದೆಯೇ? ನಿಲ್ಲದಿದ್ದರೆ ಟೇಪ್ ಸುತ್ತಿ ಸುಮ್ಮನಿರಬೇಡ, ನಾಳೆಯೇ ಎಕ್ಸ್-ರೇ ತೆಗೆಸು. ಏನೆಂದರು ಅಂತ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು.

ನಿನ್ನ ಮಾವ