ಬಟ್ಟೆ ಡೈಪರ್ ಸಲಹೆ ಕೇಳುವಾಗ ಮನೆಯ ನೀರಿನ ವಿಷಯ ಮೊದಲು ಬರೆಯಿರಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದಲ್ಲಿ ಕೂಸಿಗೆ ಬಟ್ಟೆ ಡೈಪರ್ ಹಾಕಲು ಹುರುಪಿನಿಂದ ಹೊರಟವರು ಎರಡು ತಿಂಗಳಲ್ಲೇ ‘ಸೋರುತ್ತದೆ, ನಾರುತ್ತದೆ’ ಎಂದು ಗಂಟು ಕಟ್ಟಿ ಅಟ್ಟಕ್ಕೆ ಏರಿಸುವುದು ಸಾಮಾನ್ಯ. ತಪ್ಪು ಬಟ್ಟೆಯದಲ್ಲ. ಫೇಸ್‌ಬುಕ್, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಿಗುವ ಸಲಹೆ ಬಹುಪಾಲು ಸದಾ ನಳ ಬರುವ, ಮೆದು ನೀರಿನ, ದೊಡ್ಡ ಮಷಿನ್ ಇರುವ ಮನೆಗಳದ್ದು. ಇಲ್ಲಿ ಎಷ್ಟೋ ಓಣಿಗಳಿಗೆ ಮಲಪ್ರಭೆಯ ನೀರು ಬರುವುದೇ ಕೆಲವು ದಿನಕ್ಕೊಮ್ಮೆ. ನಡುವಿನ ದಿನಗಳಲ್ಲಿ ಬೋರ್ ನೀರೇ ಗತಿ.

ಬೋರ್ ನೀರು ಎಷ್ಟು ಗಡಸು ಎಂದು ಮನೆಯಲ್ಲೇ ನೋಡಬಹುದು. ಬಾಟಲಿಗೆ ಅರ್ಧ ನೀರು ತುಂಬಿ, ಮೈ ಸಾಬೂನಿನ ಒಂದು ಚೂರು ಹಾಕಿ ಜೋರಾಗಿ ಅಲುಗಾಡಿಸಿ. ನೊರೆ ಬರದೆ ಬಿಳಿ ಗಸಿ ತೇಲಿದರೆ ನೀರು ಗಡಸು. ಅದೇ ಗಸಿ ಡೈಪರಿನ ಎಳೆಗಳಲ್ಲೂ ಕೂರುತ್ತದೆ, ಉಚ್ಚೆಯ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಇಂಥ ಗಡಸು ನೀರಿಗೆ ಬಾರ್ ಸಾಬೂನು ಬೇಡ, ಡಿಟರ್ಜೆಂಟ್ ಪುಡಿಯೇ ಬೇಕು. ಅಂಟುವಾಳದ ನೀರು ಕೂಸಿನ ಬಟ್ಟೆಗೆ ಒಳ್ಳೆಯದೆಂದು ಗುಂಪುಗಳಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಗಡಸು ನೀರಲ್ಲಿ ಅದರಿಂದ ಡೈಪರ್ ಹಸನಾಗದು. ಕೂಸಿನದೆಂದು ಚಿಟಿಕೆ ಪುಡಿ ಹಾಕುವುದೂ ಸರಿಯಲ್ಲ. ಪೊಟ್ಟಣದ ಮೇಲೆ ಬರೆದಷ್ಟು ಹಾಕಿ, ಚೆನ್ನಾಗಿ ಜಾಲಿಸಿ.

ನೀರಿನ ಲೆಕ್ಕ ಹೀಗೆ ಹಿಡಿಯಬಹುದು. ಸೋಪಿಲ್ಲದೆ ಉಚ್ಚೆ ತೆಗೆಯುವ ಮೊದಲ ಎರಡು ಜಾಲಿಗೆ ಬೋರ್ ನೀರು ಸಾಕು. ಪುಡಿ ಹಾಕಿ ತೊಳೆಯುವ ಬಕೆಟ್ಟಿಗೆ ಕೂಡಿಟ್ಟ ಹೊಳೆ ನೀರು ಬಳಸಿ. ಅದಿಲ್ಲದಿದ್ದರೆ ಒಂದು ಬಕೆಟ್ ಬೋರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕಲಸಿ, ಗಸಿ ತಳಕ್ಕಿಳಿದ ಮೇಲೆ ತಿಳಿ ನೀರು ಮಾತ್ರ ಬಗ್ಗಿಸಿಕೊಳ್ಳಿ. ಅಡುಗೆ ಸೋಡಾ ಈ ಕೆಲಸಕ್ಕೆ ಬಾರದು. ವಾಷಿಂಗ್ ಸೋಡಾ ಕೈ ಸುಡುತ್ತದೆ, ಗ್ಲೌಸ್ ಇರಲಿ. ಕೊನೆಯ ಜಾಲಿನ ನೀರನ್ನು ಮರುದಿನದ ಮೊದಲ ಜಾಲಿಗೆ ಎತ್ತಿಡಬಹುದು. ಕೊಳೆಯಾದ ಡೈಪರುಗಳನ್ನು ಮಾತ್ರ ಬಕೆಟ್ಟಿನಲ್ಲಿ ನೆನೆಹಾಕಿ ಎರಡು ದಿನ ಬಿಡಬಾರದು: ನೀರು ಕೊಳೆಯುತ್ತದೆ, ಎಲಾಸ್ಟಿಕ್ ಸಡಿಲುತ್ತದೆ, ಅಂಬೆಗಾಲಿಡುವ ಕೂಸಿಗೆ ಅಪಾಯ ಬೇರೆ. ಜಾಲಿಸಿ, ಹಿಂಡಿ, ಗಾಳಿಯಾಡುವ ಬುಟ್ಟಿಯಲ್ಲಿಡಿ.

ದುಬಾರಿ ಡೈಪರೇ ಬೇಕೆಂದಿಲ್ಲ. ಹಳೆಯ ಹತ್ತಿ ಧೋತರದಲ್ಲಿ 27 ಇಂಚಿನ ಚೌಕ ಕತ್ತರಿಸಿ. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮಡಚಿದರೆ ನಾಲ್ಕು ಪದರದ ಹದಿಮೂರೂವರೆ ಇಂಚಿನ ಚೌಕ. ಅದನ್ನು ಮೂರು ಮಡಿಕೆ ಮಾಡಿದರೆ ನಾಲ್ಕೂವರೆ ಇಂಚು ಅಗಲದ, 12 ಪದರದ ಪಟ್ಟಿ ಸಿದ್ಧ. ಮೇಲೆ ನೀರು ತಡೆಯುವ ಪಿಯುಎಲ್ (ಒಳಗೆ ತೆಳು ಪಾಲಿಯುರೆಥೇನ್ ಪದರ ಅಂಟಿಸಿದ ಬಟ್ಟೆ) ಕವರ್ ಹಾಕಿದರಾಯಿತು. ಅಜ್ಜಿಯರು ಬಲ್ಲ ಲಂಗೋಟಿಯೇ ಇದು, ಹೊಸದೆಂದರೆ ಆ ಕವರ್ ಒಂದೇ. ಎಳೆಗೂಸಿಗೆ ದಿನಕ್ಕೆ 10-12 ಸಲ ಬದಲಿಸಬೇಕಾಗುತ್ತದೆ. ದಿನ ಬಿಟ್ಟು ದಿನ ಒಗೆಯುವವರಿಗೆ 30-36 ಚೌಕ, ಐದಾರು ಕವರ್ ಬೇಕು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಒಂದೇ ಪದರದ ಬಟ್ಟೆ ಫ್ಯಾನಿನ ಕೆಳಗೂ ಒಣಗುತ್ತದೆ, ಎಲ್ಲ ಸೇರಿಸಿ ಹೊಲಿದ ದಪ್ಪ ಡೈಪರ್ ಮರುದಿನವೂ ಹಸಿಯೇ. ಗದಗದ ಬಿಸಿಲು-ಗಾಳಿಗೆ ಈ ಚಿಂತೆ ಅಷ್ಟಿಲ್ಲ. ಬಿಸಿಲಿಲ್ಲದ ದಿನ ಹತ್ತಿ ಬಟ್ಟೆಗೆ ಇಸ್ತ್ರಿ ಮಾಡಬಹುದು. ಕವರಿಗೆ ಇಸ್ತ್ರಿಯೂ ಬೇಡ, ಹಂಡೆಯ ಕುದಿನೀರೂ ಬೇಡ. ಒಳಪದರ ಕಿತ್ತು ಬರುತ್ತದೆ.

ಸೋರಿದಾಗ ಒಳಗಿನ ಬಟ್ಟೆ ಮುಟ್ಟಿ ನೋಡಿ. ಪೂರ್ತಿ ತೊಯ್ದಿದ್ದರೆ ಬದಲಿಸಲು ತಡವಾಗಿದೆ. ಎರಡು ತಾಸಿಗೊಮ್ಮೆ ಬದಲಿಸಿ, ರಾತ್ರಿಗೆ ಇನ್ನೊಂದು ಪಟ್ಟಿ ಸೇರಿಸಿ. ಮುಂದೆ ಮಾತ್ರ ತೊಯ್ದು ಹಿಂದೆ ಒಣಗಿದ್ದರೆ ಕವರ್ ಸರಿಯಾಗಿ ಕೂತಿಲ್ಲ. ಎಲಾಸ್ಟಿಕ್ ತೊಡೆಯ ಮೇಲಲ್ಲ, ತೊಡೆಸಂದಿಯಲ್ಲಿ ಕೂರಬೇಕು, ಬಟ್ಟೆಯ ಒಂದು ಅಂಚೂ ಹೊರಗೆ ಇಣುಕಬಾರದು. ಎತ್ತಿಕೊಂಡಾಗ ಮಾತ್ರ ಸೋರಿದರೆ ಮೈಕ್ರೋಫೈಬರ್ (ಸಿಂಥೆಟಿಕ್ ನೂಲಿನ) ಪಟ್ಟಿಯನ್ನು ಸಂಶಯಿಸಿ: ಬೇಗ ಹೀರುತ್ತದೆ, ಒತ್ತಿದರೆ ಅಷ್ಟೇ ಬೇಗ ಬಿಡುತ್ತದೆ. ಅದನ್ನು ನೇರವಾಗಿ ಕೂಸಿನ ಚರ್ಮಕ್ಕೆ ತಾಗಿಸಲೂಬಾರದು. ಒಳಗಿನ ಬಟ್ಟೆ ಒಣಗಿಯೇ ಇದ್ದು ಉಚ್ಚೆ ಹರಿದುಹೋಗಿದ್ದರೆ ಅದಕ್ಕೆ ಎಣ್ಣೆ ಹತ್ತಿದೆ. ನಮ್ಮ ಬಾಣಂತನದಲ್ಲಿ ಇದು ತಪ್ಪದ ತೊಡಕು. ಹೊರಗಿನವರ ಸಲಹೆಯಲ್ಲಿ ಇದರ ಸುದ್ದಿ ಕಡಿಮೆ. ಹಲವು ಸಲ ಒಗೆದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಹೀರದೆ ಮಣಿಯಂತೆ ನಿಂತರೆ ಎಣ್ಣೆಯೇ. ಬಿಸಿನೀರಿಗೆ ನಾಲ್ಕಾರು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಉಜ್ಜಿ, ನೊರೆ ಹೋಗುವ ತನಕ ಜಾಲಿಸಿ. ಎಣ್ಣೆ ಹಚ್ಚಿದಾಗಿನಿಂದ ಎರೆಯುವವರೆಗೆ ಬೇರೆ ಹಳೆ ಬಟ್ಟೆ ಸುತ್ತಿದರೆ ಈ ರಗಳೆಯೇ ಇಲ್ಲ.

ಹೊಸ ಹತ್ತಿ ಬಟ್ಟೆ ಐದಾರು ಒಗೆತ ಕಾಣುವವರೆಗೆ ಸರಿಯಾಗಿ ಹೀರದು. ಮೊದಲ ವಾರದ ಸೋರಿಕೆಗೆ ಹೊಸ ಡೈಪರ್ ಕೊಳ್ಳಬೇಡಿ. ಹಳದಿ ಕಲೆಗೆ ತೊಯ್ದ ಬಟ್ಟೆಯನ್ನು ಬಿಸಿಲಿಗೆ ಹರವಿದರೆ ಸಾಕು. ಕೆಂಪು ದದ್ದಿನ ಸುತ್ತ ಚಿಕ್ಕ ಚಿಕ್ಕ ಕೆಂಪು ಚುಕ್ಕೆ ಹರಡಿದರೆ ಅದು ಬೂಸ್ಟಿನ (ಫಂಗಸ್) ಸೋಂಕಿರಬಹುದು. ಅದನ್ನು ಗುಂಪಿನಲ್ಲಿ ಕೇಳುತ್ತ ಕೂರದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಉಚ್ಚೆ ಬಟ್ಟೆಗೆ ನೇರವಾಗಿ ಬ್ಲೀಚ್ ಸುರಿಯಿರಿ ಎಂಬ ಸಲಹೆ ಕಂಡರೆ ಕೇಳಬೇಡಿ, ಉಚ್ಚೆಯ ಅಮೋನಿಯಾ ಅದರ ಜತೆ ಸೇರಿ ವಿಷದ ಹೊಗೆ ಏಳುತ್ತದೆ. ಪ್ರತಿ ತೊಂದರೆಗೂ ‘ಇನ್ನೊಂದು ಸೆಟ್ ತಗೊಳ್ಳಿ’ ಎನ್ನುವವರು ಮಾರುವವರೇ ಎಂಬುದನ್ನೂ ವಿಚಾರಿಸಿಕೊಳ್ಳಿ.

ಗುಂಪಿನಲ್ಲಿ ‘ವಾಸನೆ ಬರ್ತದ, ಏನು ಮಾಡ್ಲಿ?’ ಎಂದಷ್ಟೇ ಕೇಳಿದರೆ ಬರುವ ಹತ್ತು ಉತ್ತರ ಹತ್ತು ದಿಕ್ಕಿಗಿರುತ್ತವೆ. ನಳದ ನೀರೋ ಬೋರೋ, ಬಕೆಟ್ಟೋ ಎರಡು ಟಬ್ಬಿನ ಮಷಿನ್ನೋ, ಯಾವ ಪುಡಿ ಎಷ್ಟು, ಒಳಗಿನ ಬಟ್ಟೆ ಯಾವುದು ಎಂದು ಬರೆಯಿರಿ. ವಾಸನೆ ಒಗೆದ ಕೂಡಲೇ ಇದೆಯೋ, ಕೂಸು ಉಚ್ಚೆ ಮಾಡಿದ ಮೇಲೋ ಎಂಬುದೂ ಮುಖ್ಯ. ಸೋರುವ ಮಾತಾದರೆ ತೊಡೆಸಂದಿ ಕಾಣುವಂತೆ ಡೈಪರಿನ ಫೋಟೊ ಹಾಕಿ. ಕೂಸಿನ ಮುಖ ಬೇಡ. ಅದಕ್ಕಿಂತ ಒಳ್ಳೆಯದು ಓಣಿಯದೇ ಒಂದು ಕನ್ನಡ ಗುಂಪು. ಅದೇ ಬೋರು, ಅದೇ ಮಳೆ ಕಂಡವರ ಉತ್ತರ ಸಿಗುತ್ತದೆ, ಕೊಳ್ಳುವ ಮೊದಲು ಒಂದೆರಡು ಕವರ್ ಕೈಗಡ ಪಡೆದೂ ನೋಡಬಹುದು.

ಫೋನಿಲ್ಲದ ಬಾಣಂತಿಯರಿಗೆ ಇದನ್ನು ಮುಟ್ಟಿಸಲು ಆರೋಗ್ಯ ಇಲಾಖೆ ಮನಸ್ಸು ಮಾಡಬೇಕು. ಲಸಿಕೆ ಹಾಕಿಸಲು ಅಂಗನವಾಡಿಗೆ ಬಂದ ತಾಯಂದಿರು ಹೇಗೂ ಅರ್ಧ ತಾಸು ಅಲ್ಲೇ ಕೂರುತ್ತಾರೆ. ಆಶಾ ಕಾರ್ಯಕರ್ತೆಯರ ಕೈಗೆ ಒಂದು ಧೋತರದ ಚೌಕ, ಒಂದು ಕವರ್ ಕೊಟ್ಟರೆ ಮಡಿಕೆ ತೋರಿಸಿ, ಹನಿ ನೀರಿನ ಪರೀಕ್ಷೆ ಮಾಡಿಸಲು ಆ ಹೊತ್ತು ಸಾಕು.

– ಬಟ್ಟೆ ಡೈಪರ್ ಬಳಸುವ ತಾಯಂದಿರು, ವಿದ್ಯಾನಗರ, ಹುಬ್ಬಳ್ಳಿ