ಅದು ಬಣ್ಣ ಹೋದ ತುಣುಕಲ್ಲ

ಮಾನ್ಯ ಸಂಪಾದಕರೇ,

ಪುರಭವನದ ಮಕ್ಕಳ ಚಲನಚಿತ್ರ ಪ್ರದರ್ಶನದ ಬಗ್ಗೆ ಸೋಮವಾರ ಮೂರನೇ ಪುಟದಲ್ಲಿ ಬಂದ ವರದಿ ಓದಿ ನನಗೆ ತಡೆಯಲಾಗಲಿಲ್ಲ. ‘ಚಿತ್ರದ ನಡುವೆ ಹಳೆಯ ಕಪ್ಪು-ಬಿಳುಪು ಕಾರ್ಟೂನಿನ ತುಣುಕು ಸೇರಿಕೊಂಡಿದ್ದರಿಂದ ಅದನ್ನು ದಾಟಿಸಿ ಪ್ರದರ್ಶನ ಮುಂದುವರಿಸಲಾಯಿತು’ ಎಂದು ಅಧಿಕಾರಿಗಳು ಹೇಳಿದ್ದನ್ನು ನೀವೂ ಹಾಗೆಯೇ ಅಚ್ಚು ಹಾಕಿದ್ದೀರಿ. ಯಾವ ತುಣುಕೂ ಸೇರಿಕೊಂಡಿರಲಿಲ್ಲ. ಅಲ್ಲಿ ಕಂಡವಳು ಮೂವತ್ತರ ದಶಕದ ಕಾರ್ಟೂನು ಹುಡುಗಿ ಬೆಟ್ಟಿ ಬೂಪ್. ಅಂದು ತೋರಿಸಿದ, ಮನುಷ್ಯರೂ ಕಾರ್ಟೂನುಗಳೂ ಒಟ್ಟಿಗೆ ನಟಿಸುವ 1988ರ ‘ಹೂ ಫ್ರೇಮ್ಡ್ ರೋಜರ್ ರ್ಯಾಬಿಟ್’ ಚಿತ್ರದಲ್ಲಿ ಅವಳು ಇರುವುದೇ ಕಪ್ಪು-ಬಿಳುಪಿನಲ್ಲಿ. ಸುತ್ತಲಿನ ಮನುಷ್ಯರಿಗೂ ಕಾರ್ಟೂನುಗಳಿಗೂ ಬಣ್ಣವಿದೆ, ಅವಳೊಬ್ಬಳಿಗೆ ಇಲ್ಲ. ಆ ದೃಶ್ಯದ ಜೀವವೇ ಅದು.

ನಾನು ಮೂವತ್ತು ವರ್ಷ ಚಿತ್ರಕಲಾ ಶಿಕ್ಷಕನಾಗಿದ್ದವನು. ಒಂಬತ್ತು ವರ್ಷದ ಮೊಮ್ಮಗಳಿಗೆ ಒಂದು ವಾರದಿಂದ ಬೆಟ್ಟಿಯ ಕಥೆ ಹೇಳಿ, ದೊಡ್ಡ ತಲೆ, ಅರಳಿದ ಕಣ್ಣು, ಹಣೆಯ ಮೇಲಿನ ಗುಂಗುರನ್ನು ಪೆನ್ಸಿಲಿನಲ್ಲಿ ಬಿಡಿಸಿ ತೋರಿಸಿದ್ದೆ. ಭಾನುವಾರ ಮಳೆಯಲ್ಲಿ ಎರಡು ಬಸ್ ಬದಲಿಸಿ ಹತ್ತೂವರೆಗೆ ಹೋದೆವು. ಚಿತ್ರ ಆರಂಭವಾಗಿದ್ದು ಹನ್ನೊಂದೂ ಇಪ್ಪತ್ತೈದಕ್ಕೆ. ಅಲ್ಲಿಯವರೆಗೆ ಶಾಲು, ಹಾರ, ಮೂರು ಭಾಷಣ. ನಮ್ಮ ಸಾಲಿನ ಕುರ್ಚಿ ಮುರಿದಿತ್ತು, ಮೇಲಿನ ಫ್ಯಾನು ಸುತ್ತುತ್ತಿರಲಿಲ್ಲ. ಶೌಚಾಲಯಕ್ಕೆ ಬೀಗ, ಬೀಗದ ಕೈ ಇಟ್ಟುಕೊಂಡವನು ಅತಿಥಿಗಳನ್ನು ಕಾರಿಗೆ ಹತ್ತಿಸಲು ಹೋಗಿದ್ದನಂತೆ. ಮಗು ತುಟಿ ಕಚ್ಚಿಕೊಂಡು ಕುಳಿತಿತ್ತು. ಬೆಟ್ಟಿಗಾಗಿ ಇದನ್ನೆಲ್ಲ ಸಹಿಸಿದೆವು.

ಪತ್ತೇದಾರ ಎಡ್ಡಿ ಕ್ಲಬ್ಬಿಗೆ ಬಂದ. ಎರಡು ಬಾತುಕೋಳಿಗಳು, ಡೊನಾಲ್ಡ್ ಮತ್ತು ಡ್ಯಾಫಿ, ಪಿಯಾನೋ ಮೇಲೆ ಕಾದಾಡಿದವು. ಮಕ್ಕಳು ಚಪ್ಪಾಳೆ ಹೊಡೆದರು. ಕೊರಳಿಗೆ ತಟ್ಟೆ ತೂಗುಹಾಕಿಕೊಂಡು ಸಿಗರೇಟು ಮಾರುತ್ತ ಬೆಟ್ಟಿ ಬಂದಳು. ಮೊಮ್ಮಗಳು ನನ್ನ ಮೊಣಕೈ ಹಿಡಿದಳು. ಅಷ್ಟರಲ್ಲಿ ಪರದೆಯ ಮೇಲೆ ಲ್ಯಾಪ್‌ಟಾಪಿನ ಬಿಳಿ ಬಾಣ ಕಾಣಿಸಿಕೊಂಡಿತು. ಅದು ಬೆಟ್ಟಿಯ ಮುಖದ ಮೇಲೆಯೇ ಹಾದು ಕೆಳಗಿನ ಗೆರೆಯನ್ನು ಹಿಡಿದು ಮುಂದಕ್ಕೆ ಎಳೆಯಿತು. ಬೆಟ್ಟಿ ಮಾಯವಾದಳು. “ತಾತಾ, ಇಷ್ಟೇನಾ?” ಎಂದು ಮಗು ಕೇಳಿತು. ಏನು ಹೇಳಲಿ?

ಕಾರ್ಟೂನುಗಳಿಗೆ ಬಣ್ಣ ಬಂದ ಮೇಲೆ ಕೆಲಸ ಕಡಿಮೆಯಾಗಿದೆ ಎಂದು ಅವಳು ಎಡ್ಡಿಗೆ ಹೇಳುವುದು ಅಲ್ಲಿಯೇ. ಆದರೂ ತನ್ನಲ್ಲಿ ಆ ಚೆಲುವು ಇನ್ನೂ ಇದೆ ಎಂದು ತನ್ನ ಹಳೆಯ ಪಲ್ಲವಿಯನ್ನು ಹಾಡಿ ತೋರಿಸುತ್ತಾಳೆ. ಎಡ್ಡಿ ಒಪ್ಪುತ್ತಾನೆ. ಮುಂದೆ ರೋಜರ್ ಮೊಲದ ಹೆಂಡತಿ, ಹಾಡುಗಾರ್ತಿ ಜೆಸಿಕಾಳನ್ನು ನೋಡಿ ಅವನ ಬಾಯಿ ತೆರೆದೇ ಉಳಿದಾಗ ಗದ್ದವನ್ನು ಮೆಲ್ಲಗೆ ಮೇಲಕ್ಕೆತ್ತಿ ಮುಚ್ಚುವವಳೂ ಇವಳೇ. ನಿಮ್ಮ ವರದಿಗಾರರು ಅವಳನ್ನು ‘ಡಿಸ್ನಿಯ ಹಳೆಯ ಗೊಂಬೆ’ ಎಂದು ಕರೆದಿದ್ದಾರೆ. ಅವಳು ಡಿಸ್ನಿಯವಳಲ್ಲ, ನ್ಯೂಯಾರ್ಕಿನ ಫ್ಲೈಷರ್ ಸೋದರರ ಸ್ಟುಡಿಯೋದವಳು. 1930ರಲ್ಲಿ ಹುಟ್ಟಿದಳು. 1934ರಲ್ಲಿ ಹಾಲಿವುಡ್‌ನ ನೀತಿಸಂಹಿತೆ ಬಿಗಿಯಾದಾಗ ಅವಳ ಲಂಗವನ್ನು ಉದ್ದ ಮಾಡಿಸಿದರು, ತುಂಟತನವನ್ನು ಕತ್ತರಿಸಿದರು. 1939ಕ್ಕೆ ಅವಳ ಸರಣಿಯೇ ನಿಂತಿತು. ಸುಮಾರು ಐವತ್ತು ವರ್ಷಗಳ ಬಳಿಕ ಈ ಚಿತ್ರಕ್ಕೆ ಅವಳನ್ನು ಕರೆತಂದಾಗ, ಮೂವತ್ತರ ದಶಕದಲ್ಲಿ ಅವಳಿಗೆ ದನಿ ಕೊಟ್ಟಿದ್ದ ಮೇ ಕ್ವೆಸ್ಟೆಲ್ ಅವರನ್ನೇ ಕರೆದರು. ಆ ತಾಯಿ ಆಗ ಎಂಬತ್ತರ ಹೊಸ್ತಿಲಲ್ಲಿದ್ದರು. ಕೆಲಸ ಹೋದರೂ ದನಿ ಹೋಗಿಲ್ಲ ಎಂದು ಹಾಡುತ್ತಿದ್ದದ್ದು ನಿಜಕ್ಕೂ ಅದೇ ದನಿ! ನಮ್ಮವರು ಬಾಣದ ಗುರುತಿನಿಂದ ಗುಡಿಸಿ ಹಾಕಿದ್ದು ಅದನ್ನು. ಅನಿಮೇಷನ್ ನಿರ್ದೇಶಕ ರಿಚರ್ಡ್ ವಿಲಿಯಮ್ಸ್ ಮತ್ತು ಅವರ ತಂಡ ಕೈಯಿಂದ ಒಂದೊಂದಾಗಿ ಬಿಡಿಸಿದ ಚಿತ್ರಗಳವು. ಆ ಕೆಲಸಕ್ಕೆ ಅವರಿಗೆ ವಿಶೇಷ ಆಸ್ಕರ್ ಸಿಕ್ಕಿತು.

ಅಂದು ಬಾಗಿಲಲ್ಲಿ ಕೇಳಿದರೆ “ಸಿಗರೇಟು ಇತ್ತು ಸರ್, ಮಕ್ಕಳ ಕಾರ್ಯಕ್ರಮ” ಎಂದರು. ಮರುದಿನ ಪತ್ರಿಕೆಗೆ ಹೇಳಿದ್ದು ಬಣ್ಣದ ಕಥೆ. ಸಿಗರೇಟೇ ಕಾರಣವಾಗಿದ್ದರೆ, ತಳ್ಳುಗಾಡಿಯಲ್ಲಿ ಕುಳಿತು ಸಿಗಾರ್ ಸೇದುವ ಕೂಸು ಬೇಬಿ ಹರ್ಮನ್‌ನನ್ನು ಹೇಗೆ ಬಿಟ್ಟರು? ಪಾಪದ ಪುಟ್ಟ ಕಾರ್ಟೂನು ಬೂಟನ್ನು, ಕಾರ್ಟೂನುಗಳನ್ನೇ ಕರಗಿಸುವ ದ್ರಾವಣದಲ್ಲಿ ಅದ್ದಿ ಕೊಲ್ಲುವುದನ್ನು ಪೂರ್ತಿ ತೋರಿಸಿದರು, ಮುಂದಿನ ಸಾಲಿನ ಎರಡು ಮಕ್ಕಳು ಬಿಕ್ಕಿ ಅತ್ತವು. ಅದಕ್ಕೆ ಬಾಣ ಬರಲಿಲ್ಲ. ಚಿತ್ರವನ್ನು ಮೊದಲೇ ಒಮ್ಮೆ ನೋಡುವ ಶ್ರದ್ಧೆ ಯಾರಿಗೂ ಇರಲಿಲ್ಲ.

ಇದೇ ಪುರಭವನದಲ್ಲಿದ್ದ ಹಳೆಯ ಪ್ರೊಜೆಕ್ಟರನ್ನು ಗುಜರಿಗೆ ಹಾಕಿದರು. ಗ್ರಂಥಾಲಯದ ಸೂರು ಸೋರಿ ಮಕ್ಕಳ ಪುಸ್ತಕಗಳು ಮುದ್ದೆಯಾದಾಗ ನಾನು ಕೊಟ್ಟ ಅರ್ಜಿಗೆ ಇನ್ನೂ ಹಿಂಬರಹ ಬಂದಿಲ್ಲ. ನಮ್ಮ ಬೀದಿಯ ದೀಪ ಯುಗಾದಿಯಿಂದ ಉರಿದಿಲ್ಲ. ಹಳೆಯದೆಲ್ಲ ಕೆಟ್ಟದ್ದು, ಕೆಟ್ಟದ್ದನ್ನು ದುರಸ್ತಿ ಮಾಡುವುದು ಮಾತ್ರ ಬೇಡ, ಇದು ಇವರ ಆಡಳಿತ.

ನೀವು ವರದಿಯನ್ನು ತಿದ್ದಿ ಪ್ರಕಟಿಸಬೇಕು. ಆ ಚಿತ್ರವನ್ನು ಇನ್ನೊಮ್ಮೆ ಇಡಿಯಾಗಿ ತೋರಿಸಬೇಕು, ಶೌಚಾಲಯದ ಬೀಗವನ್ನೂ ತೆಗೆಸಬೇಕು. ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಲಿ. ಮಕ್ಕಳ ಮುಂದೆ ನಿಂತು ಕಲೆಯ ಬಗ್ಗೆ ಐವತ್ತೈದು ನಿಮಿಷ ಮಾತಾಡುವವರಿಗೆ ಒಂದು ನಿಮಿಷದ ಬೆಟ್ಟಿಯನ್ನು ಬಿಟ್ಟುಕೊಡಲು ಆಗಲಿಲ್ಲವಲ್ಲ, ನಾಚಿಕೆಯಾಗಬೇಕು!

— ನಿವೃತ್ತ ಚಿತ್ರಕಲಾ ಶಿಕ್ಷಕ